ಎಂಜಿಬಿಗೆ 1.55 ರೋಲರ್ ರಾಕರ್: ಸ್ಟ್ಯಾಂಡರ್ಡ್ ಕ್ಯಾಮ್‌ನಲ್ಲೇ ಪಿಕಪ್ ಬಂದದ್ದು ಹೀಗೆ

ಎಂಜಿಬಿ ಅನ್ನುವ ಹಳೆ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ 1798 ಸಿಸಿ ಬಿ-ಸೀರೀಸ್ ಎಂಜಿನ್ನಿಗೆ ರೋಲರ್ ರಾಕರ್ (ವಾಲ್ವನ್ನು ಒತ್ತಿ ತೆರೆಯುವ, ತುದಿಯಲ್ಲಿ ಉರುಳೆ ಇರುವ ತೋಳು) ಹಾಕುತ್ತೇನೆ ಅಂದಾಗ ಎರಡು ಥರದ ಮಾತು ಬಂತು. "ಐದು ಪೋರ್ಟಿನ ಹೆಡ್ಡು ಸಾರ್, ಏನು ಹಾಕಿದರೂ ಅಷ್ಟೇ" ಅನ್ನುವುದು ಒಂದು. "ಇಸುಝು 1800 ಎಂಜಿನ್, ಫೈವ್ ಸ್ಪೀಡ್ ಗೇರ್‌ಬಾಕ್ಸ್ ಇಟ್ಟುಬಿಡಿ, ಅಂಬಾಸಿಡರ್‌ನವರು ಅದನ್ನೇ ತಾನೇ ಮಾಡಿದ್ದು" ಅನ್ನುವುದು ಇನ್ನೊಂದು. ಎಂಜಿನ್ ಬದಲಿಸಿದರೆ ಆರ್‌ಸಿ ತಿದ್ದುಪಡಿಗೆ ಆರ್‌ಟಿಒ ಅಲೆದಾಟ ತಪ್ಪದು. ಅದಿರಲಿ, ಬಿ-ಸೀರೀಸ್ ಇಳಿಸಿದ ಎಂಜಿಬಿಯಲ್ಲಿ ಮಿಕ್ಕುವುದು ಚೆಂದದ ತಗಡು ಮಾತ್ರ. ಈಗ ಅದೇ ಎಂಜಿನ್ ನಂದಿ ಬೆಟ್ಟದ ತಿರುವುಗಳನ್ನು ಮೂರನೇ ಗೇರಿನಲ್ಲೇ ಎಳೆಯುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಎಂಜಿನ್ ಐದು ಬೇರಿಂಗಿನ 18ಜಿಬಿ, ಅವಳಿ ಎಸ್‌ಯು ಎಚ್‌ಎಸ್4 ಕಾರ್ಬ್ಯುರೇಟರ್.

ಮೊದಲು ಕೈಕೊಟ್ಟದ್ದು ಹೇಳಿಬಿಡುತ್ತೇನೆ, ದುಡ್ಡು ಹೋದದ್ದು ಅಲ್ಲೇ. ಎಲ್ಲರೂ ಮಾಡುವ ಹಾಗೆ 270 ಡಿಗ್ರಿಯ, ಅಂದರೆ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ, ಕ್ಯಾಮ್ ಮೊದಲು ಹಾಕಿಸಿದೆ. ಐಡ್ಲಿಂಗ್ ಕೆಟ್ಟಿತು, 2500 ಆರ್‌ಪಿಎಂ ಕೆಳಗೆ ಜೀವವೇ ಇಲ್ಲ. ಬಿ-ಸೀರೀಸ್ ಹೆಡ್ಡಿನಲ್ಲಿ 1–2ಕ್ಕೆ ಒಂದು, 3–4ಕ್ಕೆ ಒಂದು ಇನ್‌ಲೆಟ್ ಪೋರ್ಟ್ (ಗಾಳಿ-ಪೆಟ್ರೋಲ್ ಒಳಬರುವ ದಾರಿ). ಫೈರಿಂಗ್ ಆರ್ಡರ್ 1-3-4-2. ಅಂದರೆ 2ರ ಬೆನ್ನಿಗೇ 1, 3ರ ಬೆನ್ನಿಗೇ 4 ಅದೇ ಪೋರ್ಟಿನಿಂದ ಎಳೆಯುತ್ತವೆ. ವಾಲ್ವ್ ತೆರೆದಿರುವ ಅವಧಿ ಹೆಚ್ಚಿಸಿದಷ್ಟೂ ಒಂದರ ಬಾಯಿಂದ ಇನ್ನೊಂದು ಕಿತ್ತುಕೊಳ್ಳುತ್ತದೆ. ರೇಸ್ ಟ್ರ್ಯಾಕಿನಲ್ಲಿ 5000ದ ಮೇಲೆ ಓಡಿಸುವವರಿಗೆ ಅದು ನಡೆದೀತು, ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವ ಗಾಡಿಗೆ ಬೇಕಾದದ್ದು ಲಿಫ್ಟ್, ಅಂದರೆ ವಾಲ್ವ್ ತೆರೆಯುವ ಎತ್ತರ. ಸ್ಟ್ಯಾಂಡರ್ಡ್ ರಾಕರ್ ಅನುಪಾತ (ಕ್ಯಾಮ್ ಎತ್ತಿದ್ದರ ಎಷ್ಟು ಪಟ್ಟು ವಾಲ್ವ್ ತೆರೆಯುತ್ತದೆ ಅನ್ನುವುದು) ಸುಮಾರು 1.42. 1.55 ಹಾಕಿದರೆ ಅದೇ ಕ್ಯಾಮ್‌ನಲ್ಲಿ ಲಿಫ್ಟ್ ಶೇ 9ರಷ್ಟು, ಅಂದರೆ ಮುಕ್ಕಾಲು ಮಿಲಿಮೀಟರ್ ಮೇಲೆ ಏರುತ್ತದೆ. ಕ್ಯಾಮ್‌ನ ಅವಧಿ ಇದ್ದ ಹಾಗೇ ಇರುತ್ತದೆ.

ಆ 270 ಕ್ಯಾಮ್ ಬಾಳಲೂ ಇಲ್ಲ. ಅದರ ಜೊತೆ ಬಂದ ಅಗ್ಗದ ಟ್ಯಾಪೆಟ್‌ಗಳು (ಕ್ಯಾಮ್ ಮೇಲೆ ಕೂತು ಪುಶ್ ರಾಡನ್ನು ಎತ್ತುವ ತುಂಡುಗಳು) ಸಾವಿರ ಕಿಲೋಮೀಟರ್ ಆಗುವ ಮೊದಲೇ ಕ್ಯಾಮ್‌ನ ಒಂದು ಲೋಬ್ (ಉಬ್ಬು) ತಿಂದುಹಾಕಿದವು. ಲಕ್ಷಣ ಇಷ್ಟೇ: ಒಂದೇ ವಾಲ್ವಿನ ಕ್ಲಿಯರೆನ್ಸ್ ಪ್ರತಿ ಸಲ ನೋಡಿದಾಗಲೂ ಹೆಚ್ಚಾಗಿರುತ್ತದೆ. 15 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ಇಟ್ಟದ್ದು 20 ಆಗುತ್ತದೆ, ಮತ್ತೆ ಸರಿಮಾಡಿದರೆ ಮತ್ತೆ ಅದೇ. ಆಗ ಸ್ಕ್ರೂ ತಿರುಗಿಸುತ್ತಾ ಕೂರಬೇಡಿ, ಆಯಿಲ್ ಸಂಪ್ ಬಿಚ್ಚಿ ಪುಡಿ ನೋಡಿ. ಹೊಸ ಟ್ಯಾಪೆಟ್ ಕೊಂಡಾಗ ಎರಡನ್ನು ಪಾದಕ್ಕೆ ಪಾದ ಹಚ್ಚಿ ಬೆಳಕಿಗೆ ಹಿಡಿಯಿರಿ. ಪಾದ ಕಣ್ಣಿಗೆ ಕಾಣದಷ್ಟು ಉಬ್ಬಿರಬೇಕು, ಅಂಚಿನಲ್ಲಿ ಬೆಳಕು ನುಸುಳಿ ಎರಡೂ ತುಸು ಅಲ್ಲಾಡಬೇಕು. ಚಪ್ಪಟೆಯಾಗಿ ಕೂತರೆ ವಾಪಸ್ ಕೊಡಿ. ಹೊಸ ಅರ ತಗೊಂಡು ಪಾದದ ಅಂಚಿಗೆ ಮೆಲ್ಲಗೆ ಎಳೆದರೆ ಜಾರಬೇಕು, ಕಚ್ಚಿದರೆ ಗಟ್ಟಿತನ ಇಲ್ಲ ಅಂತ ಅರ್ಥ.

ಎರಡನೇ ಸಲ ಸ್ಟ್ಯಾಂಡರ್ಡ್ ಪ್ರೊಫೈಲಿನ ಕ್ಯಾಮ್, ಒಳ್ಳೆಯ ಟ್ಯಾಪೆಟ್. ಎಂಟಕ್ಕೆ ಒಂಬತ್ತು ಸಾವಿರದ ಹತ್ತಿರ ಆಯಿತು. ಪ್ರತಿ ಟ್ಯಾಪೆಟ್ಟಿನ ಪಕ್ಕಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು, ಸೈಡ್ ಕವರ್ ತೆಗೆದಿರುವಾಗಲೇ ಕ್ರ್ಯಾಂಕ್ ತಿರುಗಿಸಿ. ಗೆರೆ ನಿಧಾನಕ್ಕೆ ಸುತ್ತು ಹೊಡೆಯಬೇಕು. ಸುತ್ತದ ಟ್ಯಾಪೆಟ್ ಲೋಬನ್ನು ತಿಂದೇ ತಿನ್ನುತ್ತದೆ. ಬಿ-ಸೀರೀಸ್‌ನಲ್ಲಿ ಟ್ಯಾಪೆಟ್–ಪುಶ್ ರಾಡ್ ಜೋಡಿ ಎರಡು ಥರ ಬಂದಿವೆ, ಒಂದರದ್ದು ಇನ್ನೊಂದಕ್ಕೆ ಬೆರೆಸಬೇಡಿ. ಮೊದಲ ಸ್ಟಾರ್ಟಿಗೆ ವಾಲ್ವಿನ ಡಬಲ್ ಸ್ಪ್ರಿಂಗಿನ ಒಳಗಿನದ್ದು ತೆಗೆದಿಡಿ, ಲೋಬ್‌ಗೆ ಮಾಲಿ (ಮಾಲಿಬ್ಡಿನಮ್) ಪೇಸ್ಟ್ ಬಳಿಯಿರಿ, ಸ್ಟಾರ್ಟ್ ಆದ ತಕ್ಷಣ 2000ಕ್ಕೆ ಏರಿಸಿ 20 ನಿಮಿಷ ಅಲ್ಲೇ ಮೇಲೆ ಕೆಳಗೆ ಆಡಿಸಿ. ಐಡ್ಲಿಂಗಿಗೆ ಬಿಡಲೇಬಾರದು. ಆಯಿಲ್ ಜಿಂಕ್ ಇರುವ 20ಡಬ್ಲ್ಯೂ50 ಮಿನರಲ್. ಹೊಸ ಕಾರುಗಳ ತೆಳು ಸಿಂಥೆಟಿಕ್ ಇದಕ್ಕಲ್ಲ.

ಕ್ಯಾಮ್ ಟೈಮಿಂಗ್ ಡಯಲ್ ಗೇಜಿನಲ್ಲಿ ನೋಡಿ, ಗೇರುಗಳ ಚುಕ್ಕೆಗೆ ಚುಕ್ಕೆ ಕೂಡಿಸಿ ಬಿಡಬೇಡಿ. ಹಳೆ ಚೈನ್ ಜಗ್ಗಿದ್ದರಿಂದ 110 ಡಿಗ್ರಿಗೆ ಬರಬೇಕಾದ ಇನ್‌ಲೆಟ್ ಫುಲ್ ಲಿಫ್ಟ್ 115–116ಕ್ಕೆ ಬರುತ್ತಿತ್ತು. ಹೊಸ ಡ್ಯೂಪ್ಲೆಕ್ಸ್ ಚೈನ್, ಕ್ಯಾಮ್ ಗೇರನ್ನು ತುಸು ತಿರುಗಿಸಿ ಕೂರಿಸುವ ಒಂದು ಆಫ್‌ಸೆಟ್ ಕೀ ಹಾಕಿ ಸ್ವಲ್ಪ ಮುಂದಕ್ಕೇ ತಂದೆ, ಎಷ್ಟು ಅನ್ನುವುದು ನನ್ನಲ್ಲೇ ಇರಲಿ. ನಾಲ್ಕೈದು ಸಾವಿರದ ಈ ಕೆಲಸದಲ್ಲಿ ಬಂದ ಪಿಕಪ್ ರಾಕರ್‌ನಿಂದ ಬಂದದ್ದರ ಅರ್ಧದಷ್ಟಾದರೂ ಇದೆ. ದುಡ್ಡು ಕಡಿಮೆ ಇರುವವರು ಇಲ್ಲಿಗೇ ನಿಲ್ಲಿಸಬಹುದು.

ಇನ್ನು ಹೆಡ್ಡು. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಇದೇ ಬಿ-ಸೀರೀಸ್ ಕುಟುಂಬದ್ದು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಮುತ್ತಲಿನ ಹಳೆ ಮೇಸ್ತ್ರಿಗಳಿಗೆ ಈ ಹೆಡ್ಡು ಹೊಸದಲ್ಲ. ಆದರೆ ವಾಲ್ವ್, ಅದು ಜಾರುವ ಗೈಡ್‌ಗಳನ್ನು ಅಂಬಾಸಿಡರ್ ಡಬ್ಬದಿಂದ ಅಳೆಯದೆ ತರಬೇಡಿ. ಮೊದಲು ಕ್ರ್ಯಾಕ್ ಪರೀಕ್ಷೆ ಮಾಡಿಸಿ, ಸೀಟುಗಳ ನಡುವೆ ಬಿರುಕು ಬಿಡುವುದು ಇದರ ಹುಟ್ಟುಗುಣ. ಸೀಸವಿಲ್ಲದ ಪೆಟ್ರೋಲಿಗೆ ನಾಲ್ಕು ಎಕ್ಸಾಸ್ಟ್ ಸೀಟೂ ಗಟ್ಟಿ ಇನ್ಸರ್ಟ್ (ಒಳಗೆ ಕೂರಿಸುವ ಬಳೆ) ಆಗಬೇಕು. ಒಂದು ಲೇತ್ ಶಾಪ್‌ನವರು ಹಾಕಿದ ಇನ್ಸರ್ಟ್ ಬಿಸಿಯಾದಾಗ ಸಡಿಲವಾಯಿತು. ಫಿಟ್ಟಿಂಗಿಗೆ ಬೇಕಾದ ಬಿಗಿ ಬಿಟ್ಟಿರಲಿಲ್ಲ, ಅಂಚಿಗೆ ಪಂಚ್ ಹೊಡೆದು ಕೂರಿಸಿದ್ದರು. ಪಂಚ್ ಗುರುತು ಕಂಡರೆ ಹೆಡ್ಡು ಮನೆಗೆ ತರಬೇಡಿ. ಸೀಟ್ ಕಟಿಂಗ್ 30-45-60 ಡಿಗ್ರಿ. ಪೋರ್ಟ್ ದೊಡ್ಡದು ಮಾಡುವ ಗೋಜಿಗೆ ಹೋಗಬೇಡಿ, ಸೀಟಿನ ಕೆಳಗಿನ ಬೆರಳಗಲ ಜಾಗವನ್ನು ನುಣುಪು ಮಾಡಿ, ಗೈಡಿನ ಉಬ್ಬನ್ನು ತೆಳ್ಳಗೆ ಮಾಡಿ. ವೆಸ್ಲೇಕ್ ವಿನ್ಯಾಸದ ಹೃದಯಾಕಾರದ ಚೇಂಬರಿನಲ್ಲಿ ಎರಡು ವಾಲ್ವ್ ನಡುವೆ ಒಂದು ಕೊಕ್ಕು ಇದೆಯಲ್ಲ, ಅದನ್ನು ನಾನು ಹೇಗೆ ತಿದ್ದಿದೆ ಅನ್ನುವುದನ್ನು ಹೆಡ್ಡು ತಂದವರಿಗೆ ಮಾತ್ರ ತೋರಿಸುತ್ತೇನೆ.

ಕಂಪ್ರೆಷನ್ ಲೆಕ್ಕ: ಒಂದು ಸಿಲಿಂಡರ್ 449.5 ಸಿಸಿ. ಕಂಪನಿಯ 8.8 ಅನುಪಾತಕ್ಕೆ ಪಿಸ್ಟನ್ ಮೇಲೆ ಉಳಿಯುವ ಜಾಗ 57.6 ಸಿಸಿ, 9.5 ಬೇಕಾದರೆ 52.9. ಗ್ಯಾಸ್ಕೆಟ್, ಪಿಸ್ಟನ್ ಗುಳಿ ಎಲ್ಲ ಸೇರಿ ಅಷ್ಟು. ಬ್ಯುರೆಟ್ಟಿನಲ್ಲಿ ನಾಲ್ಕೂ ಚೇಂಬರ್ ಅಳೆದು, ಸಮ ಮಾಡಿ, ಆಮೇಲೆ ಫೇಸಿಂಗ್ ಮಾಡಿಸಿ, ಅಂದರೆ ಹೆಡ್ಡಿನ ತಳ ಕೆತ್ತಿಸಿ. ನನ್ನದರಲ್ಲಿ ಒಂದು ಮಿಲಿಮೀಟರ್ ಮೇಲೆ ಚೂರು ಹೋಯಿತು, ಕಂಪ್ರೆಷನ್ 9.3ರ ಸುಮಾರಿಗೆ ನಿಂತಿತು. ಸಾಕು.

ರಾಕರ್ ಸೆಟ್ಟು ಇಂಗ್ಲೆಂಡಿನಿಂದ ಬಂದದ್ದು. ಕೊರಿಯರ್, ಕಸ್ಟಮ್ಸ್ ಸೇರಿ ಐವತ್ತು ಸಾವಿರ ದಾಟಿತು. ಇದನ್ನು ಬಿಚ್ಚಿದ ಹಾಗೇ ಕೂರಿಸಿದರೆ ಕೆಲಸ ಕೆಡುತ್ತದೆ. ಹೆಡ್ಡು ಕೆತ್ತಿದಷ್ಟೂ ರಾಕರ್‌ಗಳು ಕೂರುವ ಶಾಫ್ಟ್ ಕ್ಯಾಮ್ ಹತ್ತಿರಕ್ಕೆ ಇಳಿದಿರುತ್ತದೆ. ಅರ್ಧ ಲಿಫ್ಟಿನಲ್ಲಿ ರಾಕರ್ ವಾಲ್ವ್ ಕಾಂಡಕ್ಕೆ ಲಂಬವಾಗಿರಬೇಕು. ವಾಲ್ವ್ ತಲೆಗೆ ಮಾರ್ಕರ್ ಬಳಿದು ಎರಡು ಸುತ್ತು ತಿರುಗಿಸಿ. ರೋಲರ್ ಉಜ್ಜಿದ ಪಟ್ಟಿ ನಡುವೆ ಬೀಳಬೇಕು, ತೆಳ್ಳಗಿರಬೇಕು. ಪಟ್ಟಿ ಅಗಲವಾಗಿ ಅಂಚಿಗೆ ಹೋದರೆ ಗೈಡು ತಿಂಗಳೊಪ್ಪತ್ತಿನಲ್ಲಿ ಹೋಗುತ್ತದೆ. ನನಗೆ ನಾಲ್ಕೂ ಪೆಡೆಸ್ಟಲ್ (ಶಾಫ್ಟ್ ಹೊರುವ ಕಂಬ) ಕೆಳಗೆ ಒಂದೂವರೆ ಮಿಲಿಮೀಟರ್ ಶಿಮ್ (ತೆಳು ತಗಡು) ಬೇಕಾಯಿತು. ಒಂದು ಪೆಡೆಸ್ಟಲ್ ಮೂಲಕ ಶಾಫ್ಟಿಗೆ ಆಯಿಲ್ ಏರುತ್ತದೆ, ಅದರ ಶಿಮ್ಮಿಗೆ ತೂತು ಇಲ್ಲದಿದ್ದರೆ ಇಡೀ ಶಾಫ್ಟ್ ಒಣಗುತ್ತದೆ. ಕವರ್ ಹಾಕುವ ಮೊದಲು ಪ್ಲಗ್ ತೆಗೆದು ಕ್ರ್ಯಾಂಕ್ ಮಾಡಿ, ಎಂಟೂ ರಾಕರಿನಿಂದ ಆಯಿಲ್ ಜಿನುಗುವುದನ್ನು ಕಣ್ಣಾರೆ ನೋಡಿ.

ಶಾಫ್ಟಿನ ನಾಲ್ಕು ನಟ್ಟು ಹೆಡ್ಡಿನ ನಟ್ಟೂ ಹೌದು. ಆದ್ದರಿಂದ ರಾಕರ್ ಬಿಚ್ಚುವುದಾದರೆ ನೀರು ಇಳಿಸಿ, ಹನ್ನೊಂದೂ ನಟ್ಟನ್ನು ವರಸೆಯಲ್ಲಿ ಸಡಿಲಿಸಿ. ನಾಲ್ಕನ್ನಷ್ಟೇ ಬಿಚ್ಚಿದರೆ ಹೆಡ್ಡು ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತದೆ. ಬಿಗಿ ಮಾಡುವಾಗ ಹೆಡ್ 50 ಪೌಂಡ್-ಅಡಿ, ಪೆಡೆಸ್ಟಲ್ಲಿನ ಸಣ್ಣ ನಟ್ಟು 25. ಫುಲ್ ಲಿಫ್ಟಿನಲ್ಲಿ ಸ್ಪ್ರಿಂಗ್ ಸುರುಳಿಗಳ ನಡುವೆ ಒಟ್ಟು ಒಂದು ಮಿಲಿಮೀಟರಾದರೂ ಉಳಿಯಬೇಕು, ರಿಟೇನರಿಗೂ ಗೈಡ್ ಸೀಲಿಗೂ ಒಂದೂವರೆ. ಉಳಿಯದಿದ್ದರೆ ಗೈಡಿನ ತಲೆ ಕೆತ್ತಿಸಿ. ಪಿಸ್ಟನ್ ಮೇಲೆ, ಎಕ್ಸಾಸ್ಟ್ ವಾಲ್ವ್ ಎದುರಿನ ಬ್ಲಾಕ್ ಅಂಚಿನ ಮೇಲೆ ಜೇಡಿ ಇಟ್ಟು ತಿರುಗಿಸಿ ನೋಡಿ. ಪುಶ್ ರಾಡ್ ಹೆಡ್ಡಿನ ತೂತಿಗೆ ಉಜ್ಜುತ್ತದೆಯೇ ಎಂದು ಎಂಟನ್ನೂ ನೋಡಿ, ನನ್ನದರಲ್ಲಿ ಎರಡು ಉಜ್ಜುತ್ತಿದ್ದವು, ಉರುಟು ಅರದಲ್ಲಿ ಬಿಡಿಸಬೇಕಾಯಿತು. ಅನುಪಾತ ಏರಿದಷ್ಟೇ ಕ್ಯಾಮ್ ಮೇಲಿನ ಭಾರವೂ ಏರುತ್ತದೆ, ಅದಕ್ಕೇ ಟ್ಯಾಪೆಟ್ ಬಗ್ಗೆ ಅಷ್ಟು ಬರೆದದ್ದು.

ನಡುವೆ ಒಂದು ಪ್ರಯೋಗ: ಇನ್‌ಲೆಟ್‌ಗೆ ಮಾತ್ರ 1.55, ಎಕ್ಸಾಸ್ಟ್‌ಗೆ ಹಳೆ ರಾಕರ್. ಎಂಟಕ್ಕೂ 1.55 ಹಾಕಿದ್ದಕ್ಕೂ ಇದಕ್ಕೂ ಓಡಿಸುವಾಗ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲಿಲ್ಲ. ಅಂದರೆ ಲಾಭ ಬಹುಪಾಲು ಇನ್‌ಲೆಟ್‌ನದ್ದೇ. ಆದರೆ ಎರಡಕ್ಕೂ ಬೇಕಾದ ಶಿಮ್ ಬೇರೆ ಬೇರೆ, ಒಂದೇ ಶಾಫ್ಟಿನಲ್ಲಿ ಹೊಂದಿಸಲಾಗದೆ ಬಿಟ್ಟೆ.

ಕಾರ್ಬ್ಯುರೇಟರಿಗೆ ನಂಬರ್ 5ರ ಬದಲು 6ರ ನೀಡಲ್ (ಪೆಟ್ರೋಲಿನ ಅಳತೆ ಹಿಡಿಯುವ ಸೂಜಿ). ಲಿಫ್ಟಿಗಿಂತ ಹೆಚ್ಚಾಗಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಅದು ಬೇಕು. ಎಥನಾಲ್ ಇರುವಲ್ಲಿ ಹಳೆ ನೀಡಲ್‌ನಲ್ಲಿ ಎಂಜಿನ್ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆಯಾಗಿ ಓಡಿ ವಾಲ್ವ್ ಸುಡುತ್ತದೆ. ರಬ್ಬರ್ ಹೋಸು, ಫ್ಲೋಟ್ ಚೇಂಬರ್ ಗ್ಯಾಸ್ಕೆಟ್ಟುಗಳನ್ನೂ ಎಥನಾಲ್ ತಡೆಯುವಂಥದ್ದಕ್ಕೆ ಬದಲಿಸಿ.

ಒಟ್ಟು ಖರ್ಚು, ಹಾಳಾದ ಮೊದಲ ಕ್ಯಾಮ್ ಬಿಟ್ಟು, ಲಕ್ಷದ ಆಸುಪಾಸು. ಮೂರನೇ ಗೇರಿನಲ್ಲಿ 50ರಿಂದ 90ಕ್ಕೆ ಮೊದಲು ಒಂಬತ್ತು ಸೆಕೆಂಡ್ ಹತ್ತಿರ ಬೇಕಿತ್ತು, ಈಗ ಏಳೂ ಚಿಲ್ಲರೆ. ಮೈಲೇಜ್ ಅರ್ಧ ಕಿಲೋಮೀಟರ್ ಹೆಚ್ಚಿದೆ, ಇಲ್ಲವೆನ್ನುವವರು ಜೊತೆಗೆ ಕೂತು ಬರಬಹುದು. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹದವಾಗಿ ಕೂರಿಸಿದ ಇಗ್ನಿಷನ್ ಶಿರಾಡಿ ಇಳಿದು ಮಂಗಳೂರು ಸೇರಿದಾಗ ನಾಕ್ ಹೊಡೆಯುತ್ತದೆ. ಲ್ಯೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿನ ಪಕ್ಕದ ತಿರುಪು ಅದಕ್ಕೇ ಇರುವುದು. ಘಾಟಿ ಇಳಿದ ಮೇಲೆ ಎರಡು ಡಿಗ್ರಿ ಹಿಂದಕ್ಕೆ, ಹತ್ತುವ ಮುನ್ನ ಮುಂದಕ್ಕೆ ತರಬೇಡಿ, ಸಕಲೇಶಪುರ ದಾಟಿ ತಂದರೆ ಸಾಕು.