ಕರೆಂಟು ಹೋದರೂ ಭ್ರೂಣ ಉಳಿಯುತ್ತದೆ, ಫೋನ್ ನಂಬರ್ ಹೋದರೆ ಕಷ್ಟ

"ಕರೆಂಟು ಹೋದ್ರೆ ನಮ್ದು ಕರಗಿ ಹೋಗುತ್ತಾ?" ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವ ದಂಪತಿಗಳು ಭ್ರೂಣ ಫ್ರೀಜ್ ಮಾಡಿಸುವ ಮುಂಚೆ ಕೇಳುವ ಮೊದಲ ಪ್ರಶ್ನೆ ಇದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಕಳೆದವರಿಗೆ ಆ ಭಯ ಸಹಜವೇ. ಶಿವಮೊಗ್ಗದ ಐವಿಎಫ್ (ದೇಹದ ಹೊರಗೆ ಭ್ರೂಣ ರೂಪಿಸುವ ಚಿಕಿತ್ಸೆ) ಕೇಂದ್ರವೊಂದರಲ್ಲಿ ಎಂಬ್ರಿಯಾಲಜಿಸ್ಟ್, ಅಂದರೆ ಲ್ಯಾಬಿನಲ್ಲಿ ಭ್ರೂಣ ನೋಡಿಕೊಳ್ಳುವ ತಜ್ಞೆ, ಆಗಿರುವ ನಾನು ಗಾಜಿನಾಚೆ ಇರುವ ಟ್ಯಾಂಕ್ ತೋರಿಸಿ, ತಣ್ಣಗಿರಲು ಇದಕ್ಕೆ ಕರೆಂಟೇ ಬೇಡ ಎನ್ನುತ್ತೇನೆ. ಎರಡು ಗೋಡೆ, ನಡುವೆ ನಿರ್ವಾತ, ಒಳಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಹಸುವಿಗೆ ಕೃತಕ ಗರ್ಭಧಾರಣೆ ಮಾಡಲು ಬರುವವರು ತರುವ ಕ್ಯಾನ್ ಕೂಡ ಇದೇ ಜಾತಿಯದು ಎಂದರೆ ಕೊಟ್ಟಿಗೆ ಇರುವ ಮನೆಯವರಿಗೆ ಥಟ್ಟನೆ ಅರ್ಥವಾಗುತ್ತದೆ.

ನಾವು ಹೆದರಬೇಕಾದದ್ದು ಸಾರಜನಕ ಆರಿಹೋಗುವುದಕ್ಕೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ 4,000ಕ್ಕೂ ಹೆಚ್ಚು ಅಂಡಾಣು ಮತ್ತು ಭ್ರೂಣಗಳು ಹಾಳಾದವು. ಸಿಬ್ಬಂದಿಗೆ ದೂರದಿಂದಲೇ ಸುದ್ದಿ ಮುಟ್ಟಿಸಬೇಕಿದ್ದ ಅಲಾರಂ ಆಫ್ ಆಗಿತ್ತು. ಹಾಗಾಗಿ ನಮ್ಮಲ್ಲಿ ಅಲಾರಂ ಇದ್ದರೂ ಭಾನುವಾರವಿರಲಿ, ಹಬ್ಬವಿರಲಿ, ಒಬ್ಬರು ಅಳತೆಕೋಲು ಇಳಿಸಿ ಸಾರಜನಕದ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯಲೇಬೇಕು. ಮಲೆನಾಡಿನ ಥಂಡಿಯಲ್ಲಿ ಟ್ಯಾಂಕಿನ ಮೈ ಸುಮ್ಮನೆಯೂ ಬೆವರುತ್ತದೆ, ಬಾಯಿಗೆ ಮಂಜು ಕಟ್ಟುತ್ತದೆ. ಕಣ್ಣನ್ನೇ ನಂಬಿ ಕೂತರೆ ನಿಜವಾಗಿ ನಿರ್ವಾತ ಕೆಟ್ಟದ್ದು ಗೊತ್ತಾಗುವುದಿಲ್ಲ. ದಿನಕ್ಕೆ ಇಷ್ಟು ಇಳಿಯುತ್ತಿದ್ದದ್ದು ಈಗ ಜಾಸ್ತಿ ಇಳಿಯುತ್ತಿದೆ ಎಂದು ಹೇಳುವುದು ಆ ಪುಸ್ತಕದ ಅಂಕಿ ಮಾತ್ರ. ಅನುಮಾನ ಬಂದರೆ ಸಾಗಿಸಲು ಇನ್ನೊಂದು ಟ್ಯಾಂಕ್ ಸದಾ ತುಂಬಿರುತ್ತದೆ. ಒಂದೇ ದಂಪತಿಯ ಸ್ಟ್ರಾಗಳನ್ನು (ಭ್ರೂಣವಿರುವ ಸಣ್ಣ ಕೊಳವೆಗಳನ್ನು) ಎರಡು ಟ್ಯಾಂಕಿಗೆ ಹಂಚಿಡುತ್ತೇವೆ. ಮಳೆ ಎಂದು ಕಿಟಕಿ ಮುಚ್ಚಿ ಎಕ್ಸಾಸ್ಟ್ ಆರಿಸಲು ಯಾರಿಗೂ ಬಿಡುವುದಿಲ್ಲ: ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಕೋಣೆಯ ಆಮ್ಲಜನಕವನ್ನು ಹೊರದೂಡುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಇಷ್ಟನ್ನು ಶಿಸ್ತಿನಿಂದ ಮಾಡಿಬಿಡಬಹುದು. ವರ್ಷಗಟ್ಟಲೆ ಜನರ ಸಂಪರ್ಕ ಉಳಿಸಿಕೊಳ್ಳುವುದು ಇದಕ್ಕಿಂತ ಎಷ್ಟೋ ಕಷ್ಟ.

2021ರ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆಯ ಪ್ರಕಾರ ಭ್ರೂಣವನ್ನು 10 ವರ್ಷಕ್ಕಿಂತ ಹೆಚ್ಚು ಇಡುವಂತಿಲ್ಲ. ಆಮೇಲೆ ನಶಿಸಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆಯಿದ್ದರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ಯಾರ ತಲೆಯಲ್ಲೂ ಇದು ಇರುವುದಿಲ್ಲ, ಮಗುವಿನ ಯೋಚನೆಯಷ್ಟೇ ಇರುತ್ತದೆ. ಒಬ್ಬರು ತೀರಿಕೊಂಡರೆ, ಇಬ್ಬರೂ ಬೇರೆಯಾದರೆ ಏನು ಮಾಡಬೇಕು ಎಂಬ ಸಾಲುಗಳನ್ನು ನಾನು ಕನ್ನಡದಲ್ಲಿ ಗಟ್ಟಿಯಾಗಿ ಓದಿ, ಇಬ್ಬರ ಬಾಯಿಂದಲೂ ಉತ್ತರ ಕೇಳಿಯೇ ಬರೆದುಕೊಳ್ಳುತ್ತೇನೆ.

ಇನ್ನೊಂದು ಸೂಕ್ಷ್ಮವಿದೆ. ಎಷ್ಟೋ ಜನ ಐವಿಎಫ್ ಮಾಡಿಸಿದ್ದನ್ನು ಅತ್ತೆ-ಮಾವನಿಗೂ ಹೇಳಿರುವುದಿಲ್ಲ. ಆಸ್ಪತ್ರೆಯ ಹೆಸರಿರುವ ಲಕೋಟೆ ಮನೆಗೆ ಹೋದರೆ ಆ ಹೆಣ್ಣುಮಗಳ ಪಾಡೇನು? ಅದಕ್ಕೇ ನಮ್ಮದು ಆಸ್ಪತ್ರೆಯ ಹೆಸರಿಲ್ಲದ ಸಾದಾ ಲಕೋಟೆ. ಯಾವ ಹೊತ್ತಿಗೆ ಫೋನ್ ಮಾಡಬೇಕು, ಬೇರೆಯವರು ಎತ್ತಿದರೆ ಏನು ಹೇಳಬೇಕು ಎಂಬುದನ್ನೂ ಅವರನ್ನೇ ಕೇಳಿ ಫೈಲಿನಲ್ಲಿ ಬರೆದಿಡುತ್ತೇವೆ. ವಾರ್ಷಿಕ ಶುಲ್ಕದ ನೆನಪೋಲೆಯನ್ನು ತೋಟದವರಿಗೆ ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋದ ಮೇಲೆ ಕಳಿಸುತ್ತೇವೆ. ಅದಕ್ಕೆ ಮುಂಚೆ ಕಳಿಸಿದರೆ ಕೈಯಲ್ಲಿ ದುಡ್ಡಿಲ್ಲದ ಸಂಕೋಚಕ್ಕೆ ಫೋನೇ ಎತ್ತುವುದಿಲ್ಲ.

ಎರಡು ಮಕ್ಕಳಾದ ಮೇಲೂ, ಉಳಿದ ಭ್ರೂಣವನ್ನು ಏನು ಮಾಡೋಣ ಎಂದರೆ "ಇರ್ಲಿ ಬಿಡಿ ಮೇಡಂ, ಈಗ್ಲೇ ಬೇಡ" ಅನ್ನುವವರೇ ಹೆಚ್ಚು. ಅವಸರ ಮಾಡುವುದಿಲ್ಲ, ಆದರೆ ಎಂಟನೇ ವರ್ಷಕ್ಕೆ ಕೂರಿಸಿ ಮಾತಾಡುತ್ತೇನೆ. ಬೇಡ ಎಂದು ಒಬ್ಬರೇ ಫೋನಿನಲ್ಲಿ ಹೇಳಿದರೆ ಸ್ಟ್ರಾ ಮುಟ್ಟುವುದಿಲ್ಲ, ಇಬ್ಬರ ಸಹಿಯೂ ಬೇಕು.

ನಿಮ್ಮ ಭ್ರೂಣ ಯಾವುದಾದರೂ ಕೇಂದ್ರದಲ್ಲಿದ್ದು ಫೋನ್ ನಂಬರ್ ಬದಲಾಗಿದ್ದರೆ ಈ ವಾರವೇ ತಿಳಿಸಿ. ಗಂಡನ ನಂಬರ್ ಒಂದೇ ಕೊಟ್ಟಿದ್ದರೆ ಹೆಂಡತಿಯದನ್ನೂ ಸೇರಿಸಿ. ಟ್ಯಾಂಕಿನ ಮಟ್ಟ ಬರೆಯುವ ಪುಸ್ತಕ ತೋರಿಸಿ ಎಂದು ಕೇಳಲು ಹಿಂಜರಿಯಬೇಡಿ.