ಹಳೇ ಕೇಬಲ್ ಎಸೀಬೇಡಿ, ಅಂಗಡಿಗೆ ತಗೊಂಡು ಹೋಗಿ

ಒಂದೇ ವಾರದಲ್ಲಿ ಮೂರು ಕ್ಲಚ್ ಕೇಬಲ್ ಕೊಂಡವರನ್ನು ನಾನು ನೋಡಿದ್ದೇನೆ. ನಮ್ಮ ಕೆಳಗಿನ ಮನೆಯವರೇ. ಮೊದಲನೆಯದು ಕೂರಲೇ ಇಲ್ಲ. ಎರಡನೆಯದು ಕೂತಿತು, ಆದರೆ ಹ್ಯಾಂಡಲ್ ಬಲಕ್ಕೆ ತಿರುಗಿಸಿದರೆ ಕ್ಲಚ್ ಅರ್ಧ ತಾನೇ ಹಿಡಿದ ಹಾಗೆ ಆಗುತ್ತಿತ್ತು. ಮೂರನೆಯದಕ್ಕೆ ಹೊರಟಾಗ ನಾನೂ ಜೊತೆಗೆ ಹೋದೆ. ಹಳೇ ಕೇಬಲ್ ಎಲ್ಲಿ ಸಾರ್ ಅಂತ ಕೇಳಿದರೆ, "ಅಯ್ಯೋ, ಅದನ್ನ ಅವತ್ತೇ ಕಸದ ಗಾಡಿಗೆ ಹಾಕಿಬಿಟ್ಟೆ" ಅಂದರು. ಅಲ್ಲಿಗೆ ಮುಗೀತು. ಈ ಲೇಖನ ಬರೆಯುತ್ತಿರುವುದೇ ಅದಕ್ಕೆ.

ಬೈಕಿಗೆ ಕೇಬಲ್ ಹಾಕುವುದು ಕಷ್ಟದ ಕೆಲಸವಲ್ಲ. ಒಂದು ಸ್ಪ್ಯಾನರ್, ಒಂದು ಕಟಿಂಗ್ ಪ್ಲೇಯರ್, ಅರ್ಧ ಗಂಟೆ ಸಾಕು. ಸರಿಯಾದ ಕೇಬಲ್ ಕೊಳ್ಳುವುದೇ ಕಷ್ಟ. ಎಲ್ಲರೂ ಎಡವುವುದು ಅಂಗಡಿಯ ಕೌಂಟರ್ ಮುಂದೆ.

ಬಿಚ್ಚುವ ಮೊದಲು

ಮೊಬೈಲಲ್ಲಿ ಫೋಟೋ ತೆಗೆಯಿರಿ. ಹ್ಯಾಂಡಲಿನಿಂದ ಇಂಜಿನ್‌ವರೆಗೆ ಕೇಬಲ್ ಎಲ್ಲೆಲ್ಲಿ ಹಾದು ಹೋಗಿದೆ, ಫೋರ್ಕಿನ ಮುಂದೋ ಹಿಂದೋ, ಯಾವ ಕ್ಲಿಪ್ಪಿನೊಳಗೆ, ಎಲ್ಲಾ ಬರಲಿ. ಹತ್ತು ಫೋಟೋ ಆದರೂ ಆಗಲಿ, ಏನೂ ಖರ್ಚಿಲ್ಲ. ಕೇಬಲ್ ಲಿವರ್ ಹತ್ತಿರ ತುಂಡಾಗಿದ್ದರೆ ಅದರ ತುದಿಯ ಲೋಹದ ಗುಂಡು, ಅಂದರೆ ನಿಪ್ಪಲ್, ಲಿವರ್ ತೂತಿನಲ್ಲೇ ಉಳಿದಿರುತ್ತದೆ. ಅದನ್ನು ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದು ಜೇಬಿಗೆ ಹಾಕಿಕೊಳ್ಳಿ. ಅದೂ ಅಂಗಡಿಗೆ ಬರಬೇಕು. ಬೈಕಿನ ಆರ್‌ಸಿ ಫೋಟೋನೂ ಇರಲಿ. ಕಂಪನಿಯ ಸ್ಪೇರ್ಸ್ ಕೌಂಟರಿನಲ್ಲಿ ಚಾಸಿಸ್ ನಂಬರ್ ಹೇಳಿದರೆ ಪಾರ್ಟ್ ನಂಬರ್ ಹುಡುಕಿ ಕೊಡುತ್ತಾರೆ.

ಬರೀ ಬೈಕಿನ ಹೆಸರು ಹೇಳಿದರೆ ಸಾಲದು. "ಬುಲೆಟ್ ಕ್ಲಚ್ ಕೇಬಲ್ ಕೊಡಿ" ಅಂದರೆ ಯಾವ ಬುಲೆಟ್? ಹಳೇ ಬೀಡು ಕಬ್ಬಿಣದ ಇಂಜಿನ್ನಾ, ಯುಸಿಇ ಇಂಜಿನ್ನಾ, ಈಗಿನ ಜೆ ಸೀರೀಸಾ? ಪಲ್ಸರ್ ಅಂದರೂ ಅದೇ ಕಥೆ. ಹೆಸರು ಒಂದೇ, ಒಳಗೆ ವರ್ಷಕ್ಕೊಂದು ಬದಲಾವಣೆ. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಎಷ್ಟೋ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂತು. ಅದೇ ಹೆಸರಿನ ಬೈಕಾದರೂ ಹಳೇ ಮಾಡೆಲಿನ ಆಕ್ಸಿಲರೇಟರ್ ಕೇಬಲ್ ಹೊಸದಕ್ಕೆ ಆಗುತ್ತದೆ ಅಂತ ನಂಬಬೇಡಿ. ಎರಡು ಕೇಬಲ್ ಇರುವ ಬೈಕಾದರೆ (ಒಂದು ಎಳೆಯೋಕೆ, ಇನ್ನೊಂದು ವಾಪಸ್ ತರೋಕೆ) ಎರಡನ್ನೂ ಒಟ್ಟಿಗೆ ಬದಲಾಯಿಸಿ. ಯಾವುದು ಯಾವುದು ಅಂತ ಟೇಪ್ ಅಂಟಿಸಿ ಬರೆದಿಡಿ.

ಅಳತೆ: ಇಲ್ಲಿ ಅವಸರ ಬೇಡ

ಬಹಳ ಜನ ಹಳೇದನ್ನೂ ಹೊಸದನ್ನೂ ಜೋಡಿಸಿ ಹಿಡಿದು, ತುದಿಯಿಂದ ತುದಿಗೆ ಉದ್ದ ಸಮ ಇದ್ದರೆ ಸಾಕು ಅಂತ ದುಡ್ಡು ಕೊಟ್ಟು ಬರುತ್ತಾರೆ. ಸಾಲದು.

ಕೇಬಲಿನಲ್ಲಿ ಇರೋದು ಎರಡು. ಹೊರಗಿನ ಕಪ್ಪು ಕವಚ, ಅದು ಔಟರ್. ಒಳಗಿನ ಉಕ್ಕಿನ ತಂತಿ, ಅದು ಇನ್ನರ್. ಔಟರ್‌ನ ಎರಡು ತುದಿಯೂ ಎರಡು ಕಡೆ ಗಟ್ಟಿಯಾಗಿ ಒತ್ತಿ ನಿಂತಿರುತ್ತದೆ, ಅದರೊಳಗೆ ಇನ್ನರ್ ಜಾರುತ್ತದೆ. ಆದ್ದರಿಂದ ಮುಖ್ಯವಾದ ಅಳತೆ ಒಟ್ಟು ಉದ್ದವಲ್ಲ. ಔಟರ್‌ಗಿಂತ ಇನ್ನರ್ ಎಷ್ಟು ಉದ್ದ ಇದೆ ಅನ್ನೋದು.

ಅಳೆಯುವುದು ಹೀಗೆ. ಹಳೇ ಕೇಬಲನ್ನು ನೆಲದ ಮೇಲೆ ನೆಟ್ಟಗೆ ಹಾಸಿ. ಅದರಲ್ಲಿ ಅಡ್ಜಸ್ಟರ್ (ಕೇಬಲ್ ಬಿಗಿ ಸಡಿಲ ಮಾಡುವ ತಿರುಪು) ಇದ್ದರೆ ಪೂರ್ತಿ ಒಳಗೆ ತಿರುಗಿಸಿ. ಮೊದಲು ಔಟರ್ ಮಾತ್ರ ಅಳೆಯಿರಿ, ಈ ತುದಿಯ ಲೋಹದ ಟೋಪಿಯಿಂದ ಆ ತುದಿಯ ಟೋಪಿಯವರೆಗೆ. ಬರೆದುಕೊಳ್ಳಿ. ಆಮೇಲೆ ಇನ್ನರನ್ನು ಒಂದು ಕಡೆಗೆ ಪೂರ್ತಿ ಎಳೆಯಿರಿ, ಇನ್ನೊಂದು ಕಡೆಯ ನಿಪ್ಪಲ್ ಟೋಪಿಗೆ ಟಕ್ ಅಂತ ಬಂದು ತಾಗಬೇಕು. ಈಗ ಎಳೆದ ಕಡೆ ಹೊರಗೆ ಕಾಣುವ ಬರೀ ತಂತಿಯನ್ನು, ಟೋಪಿಯಿಂದ ನಿಪ್ಪಲ್ಲಿನ ಒಳಮುಖದವರೆಗೆ, ಮಿಲಿಮೀಟರಿನಲ್ಲಿ ಅಳೆಯಿರಿ. ತುಂಡಾದ ಕೇಬಲ್ಲಾದರೆ ಜೇಬಿನ ನಿಪ್ಪಲ್ ಜೊತೆಗಿರುವ ಚೂರನ್ನೂ ಸೇರಿಸಿ ಲೆಕ್ಕ ಹಾಕಿ. ಈ ಎರಡು ಸಂಖ್ಯೆಯೇ ನಿಮ್ಮ ಕೇಬಲಿನ ಜಾತಕ.

ಹೊಸ ಕೇಬಲನ್ನು ಕೌಂಟರ್ ಮೇಲೇ ಕವರಿನಿಂದ ತೆಗೆಸಿ ಇದೇ ಥರ ಅಳೆಯಿರಿ. ಅಂಗಡಿಯವರು ಮುಖ ಸಿಂಡರಿಸಬಹುದು. ಸಿಂಡರಿಸಲಿ ಬಿಡಿ. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಅಡ್ಜಸ್ಟರ್ ಸರಿಮಾಡಿಕೊಳ್ಳುತ್ತದೆ. ಇನ್ನರ್ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಉದ್ದ ಇದ್ದರೆ ಅಡ್ಜಸ್ಟರನ್ನು ಕೊನೆವರೆಗೂ ಬಿಚ್ಚಿದರೂ ಲಿವರ್ ಲೊಡಲೊಡ ಅನ್ನುತ್ತದೆ, ಮುಂದೆ ಕೇಬಲ್ ಹಿಗ್ಗಿದಾಗ ಹೊಂದಿಸೋಕೆ ಜಾಗವೇ ಇರುವುದಿಲ್ಲ. ಕಡಿಮೆ ಇದ್ದರೆ ಇನ್ನೂ ಕೆಟ್ಟದ್ದು, ಕ್ಲಚ್ ಯಾವಾಗಲೂ ಸ್ವಲ್ಪ ಒತ್ತಿಯೇ ಇರುತ್ತದೆ, ಜಾರುತ್ತದೆ, ಪ್ಲೇಟ್ ಸುಡುತ್ತದೆ. ಇನ್ನು ಔಟರ್ ಗಿಡ್ಡ ಆದರೆ? ಅದೇ ನಮ್ಮ ಕೆಳಗಿನ ಮನೆಯವರ ಎರಡನೇ ಕೇಬಲ್. ನೇರ ಹೋಗುವಾಗ ಎಲ್ಲಾ ಸರಿ, ಹ್ಯಾಂಡಲ್ ತಿರುಗಿಸಿದ ಕೂಡಲೇ ಜಗ್ಗುತ್ತದೆ. ಆಕ್ಸಿಲರೇಟರಿನಲ್ಲಿ ಹೀಗಾದರೆ ಯು ಟರ್ನ್ ಹೊಡೆಯುವಾಗ ಬೈಕು ತಾನೇ ರೇಸ್ ಆಗುತ್ತದೆ. ಎತ್ತರದ ಹ್ಯಾಂಡಲ್ ಹಾಕಿಸಿಕೊಂಡ ಹುಡುಗರೇ, ಇದು ನಿಮಗೆ. ಹ್ಯಾಂಡಲ್ ಜೊತೆಗೆ ಉದ್ದದ ಕೇಬಲ್ಲೂ ಬೇಕು.

ಉದ್ದ ಆಯಿತು. ಈಗ ತುದಿಗಳು. ನಿಪ್ಪಲ್ ಪುಟ್ಟ ಪೀಪಾಯಿ ಥರ ಇದೆಯಾ, ಪೇರಳೆ ಥರ ಇದೆಯಾ? ಗಾತ್ರ ಒಂದೇನಾ? ಹಳೇ ನಿಪ್ಪಲ್ ಪಕ್ಕದಲ್ಲಿ ಇಟ್ಟು ನೋಡಿ. ಸಾಧ್ಯವಾದರೆ ಲಿವರನ್ನೇ ಬಿಚ್ಚಿ ತಗೊಂಡು ಹೋಗಿ ತೂತಿಗೆ ಹಾಕಿ ನೋಡಿ. ಪೀಪಾಯಿ ನಿಪ್ಪಲ್ ಆ ತೂತಿನೊಳಗೆ ಸಲೀಸಾಗಿ ತಿರುಗಬೇಕು. ಬಿಗಿಯಾಗಿದ್ದರೆ ಲಿವರ್ ಹಿಡಿದಾಗಲೆಲ್ಲ ತಂತಿ ಅದೇ ಜಾಗದಲ್ಲಿ ಬಾಗುತ್ತದೆ, ಒಂದೊಂದೇ ಎಳೆ ಕಡಿಯುತ್ತದೆ, ಒಂದು ದಿನ ಸಿಗ್ನಲಿನಲ್ಲಿ ಪಟ್ ಅನ್ನುತ್ತದೆ. ಕೇಬಲ್ ಅಲ್ಲೇ ತುಂಡಾಗೋದಕ್ಕೆ ಕಾರಣ ಬಹಳ ಸಲ ಇದೇ. ಹಾಕುವಾಗ ಅಲ್ಲಿಗೆ ಒಂದು ಚಿಟಿಕೆ ಗ್ರೀಸ್ ಹಚ್ಚಿ. ಅಡ್ಜಸ್ಟರಿನ ಮರೆ (ಥ್ರೆಡ್), ಆಕ್ಸಿಲರೇಟರ್ ಕಡೆಯ ಬಾಗಿದ ಲೋಹದ ಪೈಪಿನ ಕೋನ, ಇವೂ ಹಳೇದರ ಹಾಗೇ ಇರಬೇಕು.

"ಎಲ್ಲಾ ಒಂದೇ ಸಾರ್, ಕೂತುಕೊಳ್ಳತ್ತೆ" ಅನ್ನುವ ಅಂಗಡಿಯಿಂದ ಎದ್ದು ಬನ್ನಿ.

ಯಾವ ಮಾಲು?

ನನ್ನ ಮಾತು ಕೇಳಿದರೆ ಕಂಪನಿ ಮಾಲೇ ತಗೊಳ್ಳಿ. ಸಿಗದಿದ್ದರೆ ಕಂಪನಿಗಳಿಗೇ ಕೇಬಲ್ ಮಾಡಿಕೊಡುವವರ ಹೆಸರಿನದು. ಉದಾಹರಣೆಗೆ ಸುಪ್ರಜಿತ್, ಅದು 1985ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಕಂಪನಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದ್ದೇ ಇದೆ, ಆದರೆ ಅಲ್ಲಿ ಅಸಲಿ ನಕಲಿ ಎರಡೂ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಪ್ಯಾಕೆಟ್ ಮೇಲೆ ತಯಾರಕರ ಹೆಸರು, ವಿಳಾಸ, ತಯಾರಾದ ತಿಂಗಳು ವರ್ಷ, ಎಂಆರ್‌ಪಿ ಇರಬೇಕು. ಬಾಗಿಲಲ್ಲಿ ಜಡೆ ಥರ ನೇತುಹಾಕಿದ, ಹೆಸರೇ ಇಲ್ಲದ ಕೇಬಲ್ ಬೇಡವೇ ಬೇಡ. ಅದನ್ನು ಉಂಗುರದ ಥರ ಸುತ್ತಿ ಇನ್ನರ್ ಎಳೆದು ನೋಡಿ, ಕರ ಕರ ಅನ್ನುತ್ತದೆ. ಒಳ್ಳೇ ಕೇಬಲಿನ ಔಟರ್ ಒಳಗೆ ಪ್ಲಾಸ್ಟಿಕ್ಕಿನ ಲೈನರ್ ಇರುತ್ತದೆ, ಬೆಣ್ಣೆ ಥರ ಜಾರುತ್ತದೆ. ಲೈನರ್ ಇರುವ ಕೇಬಲಿಗೆ ಸುಮ್ನೆ ಇಂಜಿನ್ ಆಯಿಲ್ ಸುರಿಯಬೇಡಿ, ಧೂಳು ಹಿಡಿದು ಮೆತ್ತಿಕೊಳ್ಳುತ್ತದೆ.

ಸ್ಕ್ರೂ ನಿಪ್ಪಲ್ ಬಗ್ಗೆ ಒಂದು ಮಾತು. ತುಂಡಾದ ತಂತಿಗೆ ಸ್ಕ್ರೂ ಬಿಗಿದು ಮನೆವರೆಗೆ ಬರಬಹುದು. ಚಾರ್ಮಾಡಿ ಘಾಟಿಯ ಅರ್ಧದಲ್ಲಿ ನನ್ನ ಕ್ಲಚ್ ಕೇಬಲ್ ಕಿತ್ತುಹೋದಾಗ ನಾನೂ ಹಾಗೇ ಬಂದಿದ್ದೇನೆ. (ಹಳೇ ಜಾವಾ ಇದ್ದವರಿಗೆ ಆ ಚಿಂತೆಯೂ ಇರಲಿಲ್ಲ ಬಿಡಿ, ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತಿತ್ತು.) ಆದರೆ ಡ್ರಮ್ ಬ್ರೇಕಿನ ಕೇಬಲಿಗೆ ಸ್ಕ್ರೂ ನಿಪ್ಪಲ್ ಹಾಕಿಕೊಂಡು ಓಡಾಡುವವರಿಗೆ ನಾನೇನೂ ಹೇಳಲಾರೆ.

ಮನೆಗೆ ತಂದ ಮೇಲೆ ಫೋಟೋ ನೋಡಿಕೊಂಡು ಹಳೇ ದಾರಿಯಲ್ಲೇ ಹಾಕಿ. ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಪ್ಲೇ, ಅಂದರೆ ಸಡಿಲ, ಬಿಡಿ. ಇಂಜಿನ್ ಸ್ಟಾರ್ಟ್ ಮಾಡಿ, ನ್ಯೂಟ್ರಲಿನಲ್ಲಿಟ್ಟು ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ. ಸದ್ದು ಒಂಚೂರೂ ಏರಬಾರದು.

ಡಿಸ್ಕ್ ಬ್ರೇಕ್ ಹೋಸ್

ಕ್ಲಚ್ ಕೇಬಲ್ ತಪ್ಪಾದರೆ ಬೈಕು ತಳ್ಳಬೇಕಾಗುತ್ತದೆ ಅಷ್ಟೇ. ಹೋಸ್, ಅಂದರೆ ಬ್ರೇಕ್ ಆಯಿಲ್ ಹರಿಯುವ ಪೈಪ್, ತಪ್ಪಾದರೆ ಬೈಕು ನಿಲ್ಲುವುದೇ ಇಲ್ಲ. ಇಲ್ಲಿ ಸೆಕೆಂಡ್ ಹ್ಯಾಂಡ್ ಬೇಡ, ಗುಜರಿ ಬೇಡ, ಆನ್‌ಲೈನಿನ "ಎಲ್ಲಾ ಬೈಕಿಗೂ ಹೊಂದುತ್ತದೆ" ಅನ್ನುವ ಕೆಂಪು ನೀಲಿ ಪೈಪೂ ಬೇಡ.

ಬದಲಾಯಿಸಬೇಕಾ ಅಂತ ತಿಳಿಯಲು ಹೋಸನ್ನು ಫೋರ್ಕಿನ ಹತ್ತಿರ ಬಗ್ಗಿಸಿ ನೋಡಿ, ರಬ್ಬರಿನಲ್ಲಿ ಸಣ್ಣ ಬಿರುಕು ಕಂಡರೆ ಬದಲಾಯಿಸಿ. ಲಿವರ್ ಜೋರಾಗಿ ಹಿಡಿದಾಗ ಹೋಸ್ ಉಬ್ಬುವುದು ಕೈಗೆ ಗೊತ್ತಾದರೂ ಅಷ್ಟೇ. ಕೆಲವೊಮ್ಮೆ ಹೊರಗೆ ಚೆನ್ನಾಗಿದ್ದು ಒಳಗಿನ ರಬ್ಬರ್ ಊದಿಕೊಂಡಿರುತ್ತದೆ, ಬ್ರೇಕ್ ಹಿಡಿದರೆ ಬಿಡುವುದೇ ಇಲ್ಲ, ಮೆಕ್ಯಾನಿಕ್ ಕ್ಯಾಲಿಪರ್ (ಡಿಸ್ಕನ್ನು ಒತ್ತಿ ಹಿಡಿಯುವ ಭಾಗ) ಬಿಚ್ಚಿ ಬಿಚ್ಚಿ ಸುಸ್ತಾಗುತ್ತಾನೆ. ಯಮಾಹಾದಂಥ ಕಂಪನಿಗಳ ಮ್ಯಾನ್ಯುಯಲ್‌ನಲ್ಲಿ ಹೋಸ್ 4 ವರ್ಷಕ್ಕೊಮ್ಮೆ, ಬ್ರೇಕ್ ಆಯಿಲ್ 2 ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಇದೆ. ಯಾರು ಮಾಡಿಸುತ್ತಾರೆ?

ಕೊಳ್ಳುವಾಗ ಉದ್ದದ ಜೊತೆ ತುದಿಯ ಕಣ್ಣು ನೋಡಿ. ಬೋಲ್ಟ್ ತೂರುವ ಆ ಉಂಗುರಕ್ಕೆ ಬ್ಯಾಂಜೋ ಅನ್ನುತ್ತಾರೆ. ಅದು ನೇರ ಇದೆಯಾ, ಬಾಗಿದೆಯಾ, ಎಷ್ಟು ಬಾಗಿದೆ? ಅದಕ್ಕಿಂತ ಮುಖ್ಯ, ಒಂದು ತುದಿಯ ಉಂಗುರವನ್ನು ಮೇಜಿನ ಮೇಲೆ ಚಪ್ಪಟೆ ಇಟ್ಟರೆ ಇನ್ನೊಂದು ತುದಿಯದು ಯಾವ ಕಡೆ ನೋಡುತ್ತದೆ? ಹಳೇದೂ ಹೊಸದೂ ಒಂದೇ ಕಡೆ ನೋಡಬೇಕು. ಇಲ್ಲದಿದ್ದರೆ ಹೋಸನ್ನು ತಿರುಚಿ ಕೂರಿಸಬೇಕಾಗುತ್ತದೆ, ಹಾಗೆ ತಿರುಚಿದ್ದು ಬಾಳುವುದಿಲ್ಲ. ಬೋಲ್ಟಿನ ಮರೆಯಲ್ಲೂ ಎರಡು ಬಗೆ. ಎರಡೂ 10 ಮಿಲಿಮೀಟರ್ ದಪ್ಪವೇ, ಆದರೆ ಒಂದರ ಪಿಚ್ (ಮರೆಯ ಒಂದು ಸುತ್ತಿನಿಂದ ಇನ್ನೊಂದಕ್ಕೆ ಇರುವ ಅಂತರ) 1.25 ಮಿಲಿಮೀಟರ್, ಇನ್ನೊಂದರದು 1.0. ಕಣ್ಣಿಗೆ ಒಂದೇ ಥರ ಕಾಣುತ್ತವೆ. ಬೇರೆಯದನ್ನು ಬಲವಂತವಾಗಿ ತಿರುಗಿಸಿದರೆ ಮಾಸ್ಟರ್ ಸಿಲಿಂಡರಿನ (ಬ್ರೇಕ್ ಲಿವರ್ ಹತ್ತಿರ ಆಯಿಲ್ ಒತ್ತುವ ಭಾಗ) ಮರೆಯೇ ಹೋಯಿತು. ಹಳೇ ಬೋಲ್ಟ್ ಚೆನ್ನಾಗಿದ್ದರೆ ಅದನ್ನೇ ಬಳಸಿ.

ಹೋಸ್ ಮೇಲೆ ಅಚ್ಚಾದ ಅಕ್ಷರ ಓದಿ. ಎಸ್‌ಎಇ ಜೆ1401 (ಬ್ರೇಕ್ ಹೋಸಿನ ಗುಣಮಟ್ಟದ ಗುರುತು) ಅಂತಲೋ, 1/8 ಎಚ್‌ಎಲ್ ಅಂತಲೋ ಇರುತ್ತದೆ. 1/8 ಅಂದರೆ ಒಳಗಿನ ತೂತು ಇಂಚಿನ ಎಂಟನೇ ಒಂದು ಭಾಗ, ಎಚ್‌ಎಲ್ ಅಂದರೆ ಒತ್ತಡಕ್ಕೆ ಕಡಿಮೆ ಉಬ್ಬುವಂಥದ್ದು. ಏನೂ ಅಚ್ಚಾಗದ ರಬ್ಬರ್ ಪೈಪನ್ನು ತೋಟಕ್ಕೆ ನೀರು ಬಿಡೋಕೆ ಇಟ್ಟುಕೊಳ್ಳಿ. ಉಕ್ಕಿನ ಹೆಣಿಗೆಯ ಹೋಸ್ ಉಬ್ಬುವುದಿಲ್ಲ, ಲಿವರ್ ಗಟ್ಟಿ ಅನ್ನಿಸುತ್ತದೆ, ನಿಜ. ಹೆಸರಿರುವವರದ್ದು ತಗೊಂಡರೆ ಮಾತ್ರ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇಲ್ಲದ್ದಾದರೆ ಅದು ಟ್ಯಾಂಕಿನ ಪೇಂಟನ್ನು ಗರಗಸದಂತೆ ಉಜ್ಜಿಹಾಕುತ್ತದೆ.

ತಾಮ್ರದ ವಾಷರ್ ಮರೆಯಬೇಡಿ. ಒಂದು ಬ್ಯಾಂಜೋಗೆ ಎರಡು, ಈ ಕಡೆ ಒಂದು ಆ ಕಡೆ ಒಂದು. ಹೋಸಿನ ಎರಡು ತುದಿಗೆ ನಾಲ್ಕು. ಹೊಸದೇ ಬೇಕು. ಒಂದು ಸಲ ಒತ್ತಿ ಚಪ್ಪಟೆಯಾದ ವಾಷರ್ ಮತ್ತೆ ಸರಿಯಾಗಿ ಕೂರುವುದಿಲ್ಲ. ಚಿಲ್ಲರೆ ಕಾಸಿನ ಈ ವಾಷರ್ ಉಳಿಸಲು ಹೋಗಿ, ಸೋರುತ್ತದೆ ಅಂತ ಬೋಲ್ಟನ್ನು ಇನ್ನೂ ಬಿಗಿದು ಕತ್ತರಿಸಿಕೊಂಡವರು ಇದ್ದಾರೆ. ಎಷ್ಟು ಬಿಗಿಯಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಟಾರ್ಕ್ ರೆಂಚ್ ಇರುವವರ ಹತ್ತಿರ ಬಿಗಿಸಿಕೊಳ್ಳಿ.

ಬ್ರೇಕ್ ಆಯಿಲ್ ಯಾವುದು ಅಂತ ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 4 ಅಂದರೆ ಡಾಟ್ 4. ಹೊಸದು 230 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು, ನೀರು ಹೀರಿಕೊಂಡ ಮೇಲೂ 155ರವರೆಗೆ ತಡೆಯಬೇಕು ಅನ್ನೋದು ಅದರ ನಿಯಮ. ನಂಬರ್ ದೊಡ್ಡದು ಅಂತ ಡಾಟ್ 5 ಸುರಿಯಬೇಡಿ, ಅದು ಸಿಲಿಕೋನ್, ಇದರ ಜೊತೆ ಸೇರುವುದಿಲ್ಲ.

ಹೋಸ್ ಹಾಕಿದ ಮೇಲೆ ಅದರೊಳಗೆ ಸೇರಿಕೊಂಡ ಏರ್ ತೆಗೆಯಬೇಕು. ಗೊತ್ತಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಮಾಡಿಸಿ. 2019ರ ಏಪ್ರಿಲ್‌ನಿಂದ 125 ಸಿಸಿ ದಾಟಿದ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಅಂಥ ಬೈಕಾದರೆ ಹೋಸ್ ನೇರ ಕ್ಯಾಲಿಪರಿಗೆ ಹೋಗುವುದಿಲ್ಲ, ನಡುವೆ ಎಬಿಎಸ್ ಯೂನಿಟ್ ಇರುತ್ತದೆ, ಮೇಲಿನ ತುಂಡು ಬೇರೆ ಕೆಳಗಿನ ತುಂಡು ಬೇರೆ. ಯಾವುದು ಬೇಕು ಅಂತ ಹೇಳಿ ಕೊಳ್ಳಿ, ಹಾಕುವ ಕೆಲಸ ಸರ್ವಿಸ್ ಸೆಂಟರಿಗೆ ಬಿಡಿ.

ಬ್ರೇಕ್ ಆಯಿಲ್ ಪೆಟ್ರೋಲ್ ಟ್ಯಾಂಕಿನ ಮೇಲೆ ಚೆಲ್ಲಿದರೆ ಬಟ್ಟೆ ಹುಡುಕುತ್ತಾ ನಿಲ್ಲಬೇಡಿ, ಮೊದಲು ನೀರು ಸುರಿಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ. ಗಾಡಿ ಮೊದಲ ಸಲ ಹೊರಗೆ ತೆಗೆಯುವಾಗ ಮನೆ ಮುಂದೆಯೇ ನಡೆಯುವಷ್ಟು ನಿಧಾನಕ್ಕೆ ಓಡಿಸಿ ನಾಲ್ಕು ಸಲ ಬ್ರೇಕ್ ಹಿಡಿಯಿರಿ. ವಾಪಸ್ ಬಂದು ಎರಡೂ ಬ್ಯಾಂಜೋ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ. ಒದ್ದೆಯಾಗಿದ್ದರೆ ಗಾಡಿ ಅಲ್ಲೇ ನಿಲ್ಲಲಿ. ಡಬ್ಬಿಯಲ್ಲಿ ಉಳಿದ ಆಯಿಲನ್ನು ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ, ಮುಚ್ಚಳ ತೆಗೆದ ದಿನದಿಂದಲೇ ಅದು ಗಾಳಿಯ ತೇವ ಹೀರುತ್ತಿರುತ್ತದೆ.