ಮಲಗುವ ಕೋಣೆಗೆ ಎಂಥ ಕುರ್ಚಿ?

ಮೊದಲು ಟೇಪು ಹಿಡಿದು ಜಾಗ ಅಳೆಯಿರಿ. ಕುರ್ಚಿ ಇಟ್ಟ ಮೇಲೂ ಮಂಚದ ಪಕ್ಕ ಓಡಾಡಲು 2 ಅಡಿ ಉಳಿಯಬೇಕು, ಬೀರುವಿನ ಬಾಗಿಲು ಪೂರ್ತಿ ತೆರೆಯಬೇಕು. ಮೈಸೂರಿನ ಹಳೇ ಮನೆಗಳ ಚಿಕ್ಕ ಕೋಣೆಗೆ ದಪ್ಪ ಸೋಫಾ ಕುರ್ಚಿ ಬೇಡವೇ ಬೇಡ. ಬೆತ್ತ ಹೆಣೆದ ತೇಗದ ಕುರ್ಚಿಯೇ ಚೆಂದ: ಹಗುರ, ಬೇಸಿಗೆಯಲ್ಲೂ ಬೆನ್ನಿಗೆ ಗಾಳಿಯಾಡುತ್ತದೆ.

ಕೂರುವ ಎತ್ತರ ಸುಮಾರು 17 ಇಂಚು. ಪಾದ ನೆಲಕ್ಕೆ ಪೂರ್ತಿ ಊರಬೇಕು, ಮಂಡಿಯ ಹಿಂದೆ ಎರಡು ಬೆರಳು ಸಂದು ಇರಬೇಕು. ವಯಸ್ಸಾದವರಿಗೆ ಕೈ ಇರುವ ಕುರ್ಚಿಯೇ ಆಗಬೇಕು, ಕೈಯೂರಿ ಏಳಬೇಕಲ್ಲ.

ಬೆತ್ತ ಜೋತುಬಿದ್ದರೆ ಬಿಸಾಡಬೇಡಿ. ಕುರ್ಚಿ ಮಗುಚಿ, ಅಡಿಭಾಗಕ್ಕೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿ ನೆನೆಸಿ, ಒಂದು ದಿನ ನೆರಳಲ್ಲಿ ಒಣಗಿಸಿ. ಒಣಗುತ್ತಾ ಎಳೆ ಕುಗ್ಗಿ ಬಿಗಿಯಾಗುತ್ತದೆ. ಪ್ಲಾಸ್ಟಿಕ್ ವೈರಿನದಾದರೆ ಇದು ನಡೆಯದು. ಗಾರೆ ನೆಲವಿದ್ದರೆ ಕಾಲಿಗೆ ರಬ್ಬರ್ ಬುಷ್ ಹಾಕಿಸಿ, ಇಲ್ಲದಿದ್ದರೆ ಗೀರು ಬೀಳುತ್ತದೆ.